ಒಂದಿಂಚು ಇರಲಿ

ಅವನಿಗೆ ತಂದೆತಾಯಿ ಇಟ್ಟ ಹೆಸರು ಒಂದಿತ್ತು. ಅದು ಈಗ ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದಿತ್ತು. ಬೀದಿಯವರಿಗೆಲ್ಲ ಅವನು ‘ಒಂದಿಂಚು’.

ದರ್ಜಿ ಅಂಗಡಿಯಲ್ಲಿ ಹೊಲಿಯುವುದು ಅವನ ಕೆಲಸ. ಅಳತೆ ತೆಗೆದು ಬಟ್ಟೆ ಕತ್ತರಿಸುವುದು ಮಾಸ್ಟರ ಕೆಲಸ. ಮಾಸ್ಟರು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯುವಾಗ ಇವನು ಮಿಷನ್ನಿನಿಂದಲೇ ಕತ್ತು ಚಾಚಿ, “ಒಂದಿಂಚು ಇರಲಿ ಮಾಸ್ಟ್ರೇ” ಎನ್ನುತ್ತಿದ್ದ. ಗಿರಾಕಿ ನಾಳೆ ದಪ್ಪಗಾದರೆ ಬಿಚ್ಚಿ ಸಡಿಲಿಸಲು ಒಳಮಡಿಕೆಯಲ್ಲಿ ಒಂದಿಷ್ಟು ಬಟ್ಟೆ ಬಿಡುವುದು ಎಲ್ಲ ದರ್ಜಿಗಳ ಪದ್ಧತಿ. ಇವನು ಕರ್ಚೀಫಿಗೂ ಬಿಡಿಸುತ್ತಿದ್ದ.

ಬಟ್ಟೆಯಲ್ಲಿ ಶುರುವಾದದ್ದು ಬಟ್ಟೆಯಲ್ಲೇ ನಿಲ್ಲಲಿಲ್ಲ. ಚಪ್ಪಲಿ ಕೊಳ್ಳುವಾಗ ಒಂದು ಸೈಜು ದೊಡ್ಡದು ಕೊಂಡು, ನಡೆಯುವಾಗ ಪಟಪಟ ಬಡಿಸಿಕೊಂಡು ಓಡಾಡುತ್ತಿದ್ದ. ಬಸ್ಸು ತಪ್ಪೀತೆಂದು ಎಷ್ಟು ಬೇಗ ಹೋಗಿ ನಿಲ್ಲುತ್ತಿದ್ದನೆಂದರೆ, ಅದಕ್ಕಿಂತ ಮುಂಚಿನ ಬಸ್ಸೂ ಅವನಿಗೆ ಸಿಗುತ್ತಿತ್ತು. ಆದರೆ ಅದನ್ನು ಹತ್ತುತ್ತಿರಲಿಲ್ಲ, ಅದು ಅವನ ಬಸ್ಸಲ್ಲವಲ್ಲ. ಮಗಳ ಶಾಲೆಯ ಲಂಗಕ್ಕೆ, ಬೆಳೆಯುವ ಹುಡುಗಿ ಎಂದು ಎರಡು ಮಡಿಕೆ ಜಾಸ್ತಿ ಬಿಟ್ಟಿದ್ದ. ಹುಡುಗಿ ಬೆಳೆದು, ಶಾಲೆ ಮುಗಿಸಿ, ಗಂಡನ ಮನೆಗೂ ಹೋದಳು. ಮಡಿಕೆ ಬಿಚ್ಚುವ ಧೈರ್ಯ ಮಾತ್ರ ಬರಲಿಲ್ಲ. ಹೆಂಡತಿಯನ್ನು ನೋಡಲು ಹೋದ ದಿನ, “ಒಪ್ಪಿಗೇನಾ?” ಎಂದು ಮಾವ ಕೇಳಿದಾಗ, “ಒಂದು ವರ್ಷ ಇರಲಿ” ಎಂದಿದ್ದ. ಒಳಗಿನಿಂದ ಹುಡುಗಿಯೇ, “ಇರಲ್ಲ” ಎಂದು ಕೂಗಿದ್ದರಿಂದ ಆ ಮದುವೆ ಆಯಿತು.

ಅಂಗಡಿ ಉದ್ದಕ್ಕೆ, ಇಕ್ಕಟ್ಟಾಗಿ, ಒಂದು ಓಣಿಗೆ ಬಾಗಿಲು ಕೂರಿಸಿದ ಹಾಗಿತ್ತು. ಮುಂದೆ ಮಿಷನ್ನು, ನಡುವೆ ಕತ್ತರಿಸುವ ಮೇಜು, ಹಿಂದೆ ಪರದೆ ಬಿಟ್ಟ ಟ್ರಯಲ್ ರೂಮು. ಅದರೊಳಗಿನ ಕನ್ನಡಿಗೆ ವಯಸ್ಸಾಗಿ, ನಿಂತವರ ಮುಖದ ಮೇಲೆ ತನ್ನದೇ ಕಲೆಗಳನ್ನು ಹಚ್ಚಿ ತೋರಿಸುತ್ತಿತ್ತು. ಪರದೆಯ ಪಕ್ಕದಲ್ಲಿ ಕೋಟು ತೊಡಿಸಿ ನೋಡುವ ಗೊಂಬೆ. ಎದೆ, ಹೊಟ್ಟೆ, ಭುಜ ಎಲ್ಲ ಇತ್ತು. ಕುತ್ತಿಗೆಯ ಮೇಲೆ ತಲೆ ಇರಬೇಕಾದ ಕಡೆ ಒಂದು ಮರದ ಗುಬುಟು. “ಅದಕ್ಕೂ ಒಂದು ತಲೆ ಇದ್ದಿದ್ರೆ ಅಂಗಡೀಲಿ ಒಟ್ಟು ಎರಡು ತಲೆ ಆಗ್ತಿತ್ತು” ಎಂದು ಮಾಸ್ಟರ ಹೆಂಡತಿ ಹೇಳುತ್ತಿದ್ದರು. ಮೊದಲನೆಯ ತಲೆ ಯಾರದು ಎಂದು ಕೇಳಲು ಮಾಸ್ಟರಿಗಾಗಲಿ ಒಂದಿಂಚಿಗಾಗಲಿ ಎಂದೂ ಧೈರ್ಯವಾಗಲಿಲ್ಲ.

ಮಾಸ್ಟರು ಮಾತಾಡುವವರಲ್ಲ. ಕೆಲಸದ ಹೊತ್ತಿನಲ್ಲಿ ತುಟಿಗಳ ನಡುವೆ ಒಂದು ಸಾಲು ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದರು. ನಕ್ಕರೆ ಚುಚ್ಚುತ್ತಿತ್ತು, ಬೈದರೆ ಉದುರುತ್ತಿತ್ತು. ಹಾಗಾಗಿ ಅವರು ನಕ್ಕಿದ್ದೂ ಇಲ್ಲ, ಬೈದಿದ್ದೂ ಇಲ್ಲ.

ಒಂದಿಂಚು ಹೊಸದಾಗಿ ಸೇರಿದ್ದ ಕಾಲ. ಆಗ ಅವನಿಗೆ ಮೀಸೆ ಸರಿಯಾಗಿ ಬಂದಿರಲಿಲ್ಲ, ಧೈರ್ಯ ಮಾತ್ರ ಬೇಕಾದಷ್ಟಿತ್ತು. “ನಾನೂ ಕತ್ತರಿಸ್ತೀನಿ ಮಾಸ್ಟ್ರೇ” ಎಂದ. ಮಾಸ್ಟರು ತಲೆಯಾಡಿಸಿ ಒಂದೇ ಮಗ್ಗುಲಿಗೆ ಪಟ್ಟೆಯಿದ್ದ ಬಟ್ಟೆಯೊಂದನ್ನು ಮುಂದೆ ಹಾಸಿದರು. ಹುಡುಗ ತೋಳಿನ ರಟ್ಟಿನ ಅಚ್ಚಿಟ್ಟು ಗೆರೆ ಎಳೆದು ಒಂದು ತೋಳು ಕತ್ತರಿಸಿದ. ಅಚ್ಚನ್ನು ಮಗುಚದೆ ಹಾಗೇ ಪಕ್ಕಕ್ಕೆ ಸರಿಸಿ ಇನ್ನೊಂದನ್ನೂ ಕತ್ತರಿಸಿದ. ಎರಡೂ ಎಡತೋಳು! ಅಂಥ ಷರ್ಟು ತೊಡಲು ಎರಡು ಎಡಗೈ ಇರುವ ಮನುಷ್ಯನನ್ನು ಎಲ್ಲಿಂದ ತರುವುದು? ಹುಡುಗ ಎರಡು ತುಂಡನ್ನೂ ಎತ್ತಿ ಹಿಡಿದು ನೋಡಿದ. ಆಗಲೇ ಹಿಂದಿನಿಂದ ಆ ಸದ್ದು ಕೇಳಿಸಿದ್ದು.

ಲೊಚ್.

ಅಷ್ಟೇ. ನಾಲಿಗೆ ಅಂಗುಳಕ್ಕೆ ಅಂಟಿ ಬಿಟ್ಟ ಸದ್ದು. ಅಯ್ಯೋ ಪಾಪ, ಇವನ ಕೈಲಾಗಲ್ಲ, ಬಟ್ಟೆ ದಂಡ, ಇವನೂ ದಂಡ ಎಂಬ ನಾಲ್ಕೂ ಮಾತು ಅದೊಂದರಲ್ಲೇ ಅಡಗಿತ್ತು. ಹುಡುಗ ತಿರುಗಿ ನೋಡಿದ. ಮಾಸ್ಟರು ಕಲ್ಲಿನಂತೆ ನಿಂತಿದ್ದರು. ಆಮೇಲೆ ಆ ತೋಳುಗಳನ್ನು ಸೇರಿಸಿ ಕುರ್ಚಿಗೆ ದಿಂಬಿನ ಚೀಲ ಹೊಲಿದರು. ಆ ದಿಂಬಿನ ಮೇಲೆ ಒಂದಿಂಚು ಮೂವತ್ತು ವರ್ಷ ಕೂತು ಹೊಲಿದ. ಮತ್ತೆ ಕತ್ತರಿ ಮುಟ್ಟಲಿಲ್ಲ. ಮಾಸ್ಟರು ಕತ್ತರಿಸುವುದನ್ನು ನೋಡುವಾಗಲೂ ಆಗಾಗ ಆ ಲೊಚ್ ಕೇಳಿಸುತ್ತಿತ್ತು. ‘ನೋಡು, ಇದು ನಿನ್ನಿಂದ ಆಗ್ತಿತ್ತಾ?’ ಎಂದು ಮಾಸ್ಟರು ಚುಚ್ಚುತ್ತಿದ್ದಾರೆ ಎಂದುಕೊಂಡು ಅವನು ತಲೆ ತಗ್ಗಿಸಿ ಗುಂಡಿಯ ಕಾಜಾ ಹೊಲಿಯುತ್ತಿದ್ದ.

ಹೋದ ತಿಂಗಳು ಒಂದು ಬೆಳಿಗ್ಗೆ ಮಾಸ್ಟರು ಹಾಸಿಗೆಯಿಂದ ಏಳಲಿಲ್ಲ. ಗುಂಡುಸೂಜಿ ಇಲ್ಲದ ಅವರ ತುಟಿಯನ್ನು ಒಂದಿಂಚು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಯಾರದೋ ಬಾಯಿಯಂತೆ ಇತ್ತು.

ಮೇಜಿನ ಮೇಲೆ ಅಧ್ಯಕ್ಷರ ಕೋಟಿನ ಬಟ್ಟೆ ಹಾಗೇ ಉಳಿದಿತ್ತು. ಅಧ್ಯಕ್ಷರು ಎಂದರೆ ಊರಿನ ಐದಾರು ಸಂಘಗಳಿಗೆ ಅಧ್ಯಕ್ಷರು. ಮಿಕ್ಕ ಸಂಘಗಳಿಗೆ ಮಾಜಿ ಅಧ್ಯಕ್ಷರು. ಭಾನುವಾರ ಅವರಿಗೆ ಸನ್ಮಾನ. ಸನ್ಮಾನ ಸಮಿತಿಗೂ ಅವರೇ ಅಧ್ಯಕ್ಷರು. ಬಟ್ಟೆಯನ್ನು ಅವರ ಭಾವಮೈದುನ ಹಡಗಿನ ಕೆಲಸದಲ್ಲಿದ್ದಾಗ ತಂದದ್ದಂತೆ. ಆ ಗಿರಣಿಯೇ ಮುಚ್ಚಿಹೋಗಿದೆ, ಇನ್ನೊಂದು ಗೇಣು ಬೇಕೆಂದರೂ ಸಿಗದು ಎಂದು ಅವರು ಬಂದಾಗಲೆಲ್ಲ ಹೇಳುತ್ತಿದ್ದರು. ಮಾಸ್ಟರು ಅಳತೆ ತೆಗೆದು ಮುಗಿಸಿದ್ದರು. ಅದು ಸುಲಭದ ಕೆಲಸವಾಗಿರಲಿಲ್ಲ. ಟೇಪು ಕಂಡ ಕೂಡಲೆ ಅಧ್ಯಕ್ಷರು ಉಸಿರೆಳೆದು ಹೊಟ್ಟೆಯನ್ನು ಎದೆಗೇರಿಸುತ್ತಿದ್ದರು. ಮಾಸ್ಟರು ಕಣ್ಣು ಮಿಟುಕಿಸಿದರೆ ಒಂದಿಂಚು ಮಿಷನ್ನಿನಿಂದ, “ಸಾರ್, ಈ ಸಲ ಭಾಷಣ ಯಾವ ವಿಷಯದ ಮೇಲೆ?” ಎಂದು ಕೇಳುತ್ತಿದ್ದ. ಬಾಯಿ ತೆರೆದರೆ ಹೊಟ್ಟೆ ಇಳಿಯುತ್ತಿತ್ತು. ಆಗ ಮಾಸ್ಟರು ಅಳೆದುಬಿಡುತ್ತಿದ್ದರು.

ಸೋಮವಾರ ಮಾಸ್ಟರ ಹೆಂಡತಿ ಬಂದರು. ಅವರನ್ನು ಬೀದಿಯೆಲ್ಲ ಅಮ್ಮಾವ್ರು ಎನ್ನುತ್ತಿತ್ತು. ಬೆಂಚಿನ ಮೇಲೆ ಕೂತು ನೇರ ವಿಷಯಕ್ಕೆ ಬಂದರು.

“ನೋಡೋ, ಎದುರುಗಡೆ ಮೊಬೈಲ್ ಅಂಗಡಿಯವನು ಈ ಜಾಗ ಕೇಳ್ತಿದಾನೆ. ಕತ್ತರಿಸೋರಿಲ್ಲದ ದರ್ಜಿ ಅಂಗಡಿ ಇಟ್ಕೊಂಡು ನಾನೇನು ಮಾಡಲಿ? ಈ ಕೋಟು ನೀನು ಕತ್ತರಿಸು. ಅಂಗಡಿ ನೀನೇ ನಡೆಸು. ಆಗಲ್ಲ ಅಂದ್ರೆ ಶುಕ್ರವಾರ ಅವನಿಗೆ ಬೀಗದ ಕೈ ಕೊಟ್ಬಿಡ್ತೀನಿ.”

“ಅಮ್ಮಾ, ಸ್ವಲ್ಪ ದಿನ ಇರಲಿ...”

“ಶುಕ್ರವಾರ” ಎಂದು ಅಮ್ಮಾವ್ರು ಎದ್ದು ಹೋದರು.

ಮಧ್ಯಾಹ್ನ ಊಟದ ಹೊತ್ತಿಗೆ ಬೀದಿಯ ಅಂಗಡಿಗಳೆಲ್ಲ ಅರ್ಧ ಷಟರ್ ಎಳೆದುಕೊಂಡು ಕಣ್ಣು ಮುಚ್ಚುತ್ತವೆ. ಒಂದಿಂಚೂ ಷಟರ್ ಎಳೆದ. ಬಿಸಿಲು ಮೊಣಕಾಲಿನ ಎತ್ತರಕ್ಕಷ್ಟೇ ಒಳಗೆ ಬಂದು ನಿಂತಿತು. ಅದರ ಮೇಲೆಲ್ಲ ಕತ್ತಲು. ಅವನು ಅಳತೆಯ ಚೀಟಿ ನೋಡಿ ಗೆರೆ ಎಳೆದ. ಗೆರೆ ಎಳೆಯಲು ಅವನಿಗೆ ಭಯವಿರಲಿಲ್ಲ. ಗೆರೆಯನ್ನು ಬ್ರಷ್ಷಿನಿಂದ ಒರೆಸಬಹುದು. ಆಮೇಲೆ ಮಾಸ್ಟರ ಕತ್ತರಿ ಎತ್ತಿಕೊಂಡ. ಕಬ್ಬಿಣ ತಣ್ಣಗಿತ್ತು. ಹೆಬ್ಬೆರಳಿನ ತೂತು ಮಾಸ್ಟರ ಹೆಬ್ಬೆರಳಿಗೇ ಸವೆದು, ಬೇರೆಯವರ ಬೆರಳನ್ನು ಒಲ್ಲೆ ಎನ್ನುವಂತಿತ್ತು. ಅಲಗು ತೆರೆದು ಬಟ್ಟೆಯ ಅಂಚಿಗೆ ಇಟ್ಟ.

ಲೊಚ್.

ಕತ್ತರಿ ಕೈಯಿಂದ ಜಾರಿ ಮೇಜಿನ ಮೇಲೆ ಬಿತ್ತು.

ಅಂಗಡಿಯಲ್ಲಿ ಯಾರೂ ಇರಲಿಲ್ಲ. ಅವನು ಅಲುಗದೆ ನಿಂತ. ನಿಧಾನಕ್ಕೆ ಕಣ್ಣು ಮಾತ್ರ ಹೊರಳಿಸಿ ನೋಡಿದ. ಗೋಡೆಯ ಮೇಲೆ ಹಲ್ಲಿ ಇದೆಯೇ? ಇರಲಿಲ್ಲ. ಗೊಂಬೆ ಎಂದಿನಂತೆ ಎದೆಯುಬ್ಬಿಸಿ ನಿಂತಿತ್ತು. ಅದರ ಕುತ್ತಿಗೆಗೆ ಮಾಸ್ಟರು ನೇತುಹಾಕಿದ್ದ ಟೇಪಿನ ಒಂದು ತುದಿ ಮೆಲ್ಲಗೆ ತೂಗುತ್ತಿತ್ತು. ಫ್ಯಾನು ತಿರುಗುತ್ತಿರಲಿಲ್ಲ.

‘ಗೆರೆ ತಪ್ಪಾಗಿದೆ’ ಎಂದು ಅವನಿಗೆ ಹೊಳೆಯಿತು. ‘ಮಾಸ್ಟ್ರು ಹೇಳ್ತಿದಾರೆ.’ ಆ ಗೆರೆಯ ಹೊರಗೆ ಒಂದಿಂಚು ಬಿಟ್ಟು ಇನ್ನೊಂದು ಗೆರೆ ಎಳೆದ. ಮನಸ್ಸಿಗೆ ಸ್ವಲ್ಪ ಸಮಾಧಾನವಾಯಿತು. ಮತ್ತೆ ಕತ್ತರಿ ಎತ್ತಿದ.

ಲೊಚ್.

ಆ ದಿನ ಅವನು ಷಟರ್ ಪೂರ್ತಿ ಎಳೆದು ಮನೆಗೆ ಹೋದ. ದೊಡ್ಡ ಚಪ್ಪಲಿಯಲ್ಲಿ ಓಡುವುದು ಎಷ್ಟು ಕಷ್ಟ ಎಂಬುದು ಅವನಿಗೆ ಮೊದಲ ಸಲ ಗೊತ್ತಾಯಿತು.

“ಮಾಸ್ಟ್ರು ಇನ್ನೂ ಅಂಗಡೀಲೇ ಇದಾರೆ ಕಣೇ” ಎಂದು ಹೆಂಡತಿಯ ಕಿವಿಯಲ್ಲಿ ಹೇಳಿದ.

“ಬಾಡಿಗೆ ಕೊಡ್ತಾರಂತಾ?” ಎಂದಳು ಅವಳು, ಒಗೆದ ಬಟ್ಟೆ ಹಿಂಡುತ್ತಾ.

“ತಮಾಷೆ ಬೇಡ. ಲೊಚ್ ಅಂತಾರೆ.”

“ಆ ಸದ್ದು ಮನೇಲೂ ಕೇಳಿಸುತ್ತಪ್ಪ. ನೀವು ಶೇವ್ ಮಾಡ್ಕೊಳ್ಳುವಾಗ.”

ಮಾಸ್ಟರು ಮನೆಗೂ ಬಂದರೆ! ಹೆಂಡತಿ ಹೇಳಿದ್ದರಲ್ಲಿ ಅವನ ಕಿವಿಗೆ ಬಿದ್ದದ್ದು ಅಷ್ಟೇ. ಮರುದಿನದಿಂದ ಶೇವ್ ಮಾಡುವುದನ್ನೂ ಬಿಟ್ಟ.

ಮಂಗಳವಾರ ಎರಡು ಸಲ, ಬುಧವಾರ ಮೂರು ಸಲ ಕತ್ತರಿ ಎತ್ತಿದ. ಪ್ರತಿ ಸಲವೂ ಲೊಚ್. ಪ್ರತಿ ಸಲವೂ ಹೊರಗೊಂದು ಹೊಸ ಗೆರೆ. ಸದ್ದು ಒಮ್ಮೆ ಪರದೆಯ ಹಿಂದಿನಿಂದ ಬಂದಂತೆ, ಒಮ್ಮೆ ಗೊಂಬೆಯ ಟೊಳ್ಳು ಎದೆಯಿಂದ ಬಂದಂತೆ, ಒಮ್ಮೆ ಕಿವಿಯ ಪಕ್ಕದಲ್ಲೇ ಯಾರೋ ಬಗ್ಗಿ ನಿಂತಂತೆ ಕೇಳಿಸುತ್ತಿತ್ತು. ಧೈರ್ಯ ತಂದುಕೊಂಡು ಪರದೆ ಸರಿಸಿದರೆ ಕನ್ನಡಿಯಲ್ಲಿ ಕುರುಚಲು ಗಡ್ಡದ, ಕಣ್ಣು ಗುಳಿಬಿದ್ದ, ಮುಖದ ತುಂಬ ಕಪ್ಪು ಕಲೆಗಳ ಒಬ್ಬ ಮನುಷ್ಯ ನಿಂತು ಇವನನ್ನೇ ದುರುಗುಟ್ಟಿ ನೋಡುತ್ತಿದ್ದ. ಅದು ತಾನೇ ಎಂದು ತಿಳಿಯಲು ಅವನಿಗೆ ಒಂದು ಗಳಿಗೆ ಬೇಕಾಯಿತು. ಆ ಗಳಿಗೆಯೇ ಎಲ್ಲಕ್ಕಿಂತ ಭಯಂಕರವಾಗಿತ್ತು.

ಗುರುವಾರ ಮಧ್ಯಾಹ್ನ ಅಮ್ಮಾವ್ರು ಷಟರಿನ ಕೆಳಗೆ ಬಗ್ಗಿ ಒಳಗೆ ಬಂದರು. ಮೇಜಿನ ಮೇಲಿನ ಬಟ್ಟೆ ನೋಡಿದರು. ಕೆರೆಗೆ ಕಲ್ಲು ಹಾಕಿದಾಗ ಏಳುವ ಅಲೆಗಳ ಹಾಗೆ ಗೆರೆಯ ಸುತ್ತ ಗೆರೆ, ಅದರ ಸುತ್ತ ಗೆರೆ, ಕೊನೆಯದು ಬಟ್ಟೆ ದಾಟಿ ಮೇಜಿನ ಮೇಲೂ ಹೋಗಿತ್ತು.

“ಇದೇನೋ? ಕೋಟು ಅಧ್ಯಕ್ಷರೊಬ್ಬರಿಗೋ, ಇಡೀ ಸಂಘಕ್ಕೋ?”

“ಅಮ್ಮಾ, ನನ್ನ ಕೈಲಾಗಲ್ಲ. ಮಾಸ್ಟ್ರಿಗೆ ಇಷ್ಟ ಇಲ್ಲ.”

“ಯಾವ ಮಾಸ್ಟ್ರಿಗೆ?”

“ನಮ್ಮ ಮಾಸ್ಟ್ರಿಗೆ” ಎಂದು ಅವನು ದನಿ ತಗ್ಗಿಸಿ, ಗೊಂಬೆಯ ಕಡೆ ನೋಡದೆ ಗೊಂಬೆಯನ್ನು ತೋರಿಸಿದ. “ಇಲ್ಲೇ ಇದಾರೆ. ಬೇಕಾದ್ರೆ ನೀವೇ ಕೇಳಿ.”

ಅಮ್ಮಾವ್ರ ಮುಖದ ಬಣ್ಣ ಸ್ವಲ್ಪ ಇಳಿಯಿತು. ಆದರೂ ಸೆರಗು ಬಿಗಿಮಾಡಿ ಬೆಂಚಿನ ಮೇಲೆ ಕೂತರು. ಅವನು ಕತ್ತರಿ ಎತ್ತಿದ. ಅಲಗು ತೆರೆದು ಬಟ್ಟೆಗೆ ತಾಗಿಸಿದ.

ಲೊಚ್.

“ಕೇಳಿಸ್ತಾ ಅಮ್ಮಾ?”

“ಕೇಳಿಸ್ತು.”

“ಎಲ್ಲಿಂದ ಬಂತು?”

“ನಿನ್ನ ಬಾಯಿಂದ.”

ಅಮ್ಮಾವ್ರು ನಗಲಿಲ್ಲ. ಅವರಿಗೆ ಬೇರೇನೋ ನೆನಪಾದಂತಿತ್ತು.

“ಅಯ್ಯೋ ದೇವರೇ, ಇದೇ ಸದ್ದು. ಇದೇ ಸದ್ದು ಕಣೋ ಅವರು ಹೇಳ್ತಿದ್ದದ್ದು! ಊಟಕ್ಕೆ ಕೂತಾಗೆಲ್ಲ ಅವರದ್ದು ಇದೇ ಗೋಳು. ‘ನಾನು ಕತ್ತರಿ ಇಡೋದೇ ತಡ, ಅವನು ಹಿಂದೆ ಕೂತು ಲೊಚ್ ಅಂತಾನೆ ಕಣೇ. ಏನು ತಪ್ಪು ಕಂಡಿತೋ ಏನೋ. ಬಾಯಿಬಿಟ್ಟು ಕೇಳೋಕೆ ಮರ್ಯಾದೆ ಪ್ರಶ್ನೆ. ಸುಮ್ನೆ ಇನ್ನೊಂದು ಸಲ ಅಳತೆ ನೋಡಿ ಕತ್ತರಿಸ್ತೀನಿ’ ಅಂತ. ಊರಲ್ಲೆಲ್ಲ ಇವರ ಕಟಿಂಗ್ ಅಂದ್ರೆ ಕಟಿಂಗ್ ಅಂತಿದ್ರಲ್ಲ, ಅದು ನಿನ್ನ ಹೆದರಿಕೆ ಮಾಡಿಸಿದ್ದು!”

“ಇಲ್ಲಮ್ಮ, ಅದು ಮಾಸ್ಟ್ರು... ಮಾಸ್ಟ್ರೇ ನನ್ನ ನೋಡಿ ಲೊಚಗುಡ್ತಿದ್ರು.”

“ಬಾಯಿ ತುಂಬ ಗುಂಡುಸೂಜಿ ಇಟ್ಕೊಂಡೋರು ಹೇಗೋ ಲೊಚಗುಡ್ತಾರೆ? ಒಂದು ಸಲ ಲೊಚಗುಟ್ಟಿದ್ರೂ ನಾಲ್ಕು ಸೂಜಿ ಹೊಟ್ಟೆಗೆ ಹೋಗ್ತಿದ್ವು!”

ಒಂದಿಂಚು ದಿಂಬಿನ ಮೇಲೆ ಕುಸಿದು ಕೂತ. ಎರಡು ಎಡತೋಳಿನ ದಿಂಬು. ಆ ದಿನ ತುಂಡುಗಳನ್ನು ಎತ್ತಿ ಹಿಡಿದದ್ದು, ಸದ್ದು, ಮಾಸ್ಟರು ಕಲ್ಲಿನಂತೆ ನಿಂತದ್ದು, ತುಟಿಯಲ್ಲಿ ಸಾಲಾಗಿ ಹೊಳೆದ ಸೂಜಿಯ ಗುಂಡುತಲೆಗಳು... ಎಲ್ಲ ಮತ್ತೆ ಕಣ್ಣಿಗೆ ಬಂತು. ಹುಡುಗನ ನಾಲಿಗೆಯೇ ಹುಡುಗನನ್ನು ಬೈದಿತ್ತು. ಅವನು ಅದನ್ನು ಯಜಮಾನರ ದನಿ ಎಂದುಕೊಂಡ. ಯಜಮಾನರು ಅದನ್ನು ಹುಡುಗನ ತೀರ್ಪು ಎಂದುಕೊಂಡರು. ಹತ್ತು ಹೆಜ್ಜೆ ಉದ್ದದ ಅಂಗಡಿಯಲ್ಲಿ ಅಷ್ಟು ವರ್ಷ ಇಬ್ಬರೂ ಒಬ್ಬರಿಗೊಬ್ಬರು ದೆವ್ವವಾಗಿ, ಒಬ್ಬರನ್ನೊಬ್ಬರು ಬಹಳ ಗೌರವದಿಂದ ಕಂಡಿದ್ದರು.

“ಅಂಗಡಿ ಅವನಿಗೇ ಬಿಡು ಅಂತ ನಿನ್ನ ಬಗ್ಗೆ ಅವರೇ ಯಾವಾಗ್ಲೋ ಹೇಳಿದ್ದು” ಎಂದರು ಅಮ್ಮಾವ್ರು ಏಳುತ್ತಾ. “ನನ್ನ ತಪ್ಪೆಲ್ಲ ಗೊತ್ತಿರೋನು ಅವನೊಬ್ಬನೇ ಅಂತ.”

“ನೀವು ಇಲ್ಲೇ ಇರಿ ಅಮ್ಮ. ಕತ್ತರಿಸೋ ತನಕ.”

“ಇರಲ್ಲ. ನಾನಿದ್ರೆ ನಿನಗೊಂದು ನೆಪ ಸಿಗುತ್ತೆ.”

ಅವರು ಬಗ್ಗಿ ಹೊರಗೆ ಹೋದರು. ಚಪ್ಪಲಿಯ ಸದ್ದು ಬೀದಿಯಲ್ಲಿ ಸಣ್ಣದಾಗಿ ಆರಿಹೋಯಿತು.

ಒಂದಿಂಚು ಬ್ರಷ್ಷು ತೆಗೆದು ಹೊರಗಿನ ಗೆರೆಗಳನ್ನು ಒಂದೊಂದಾಗಿ ಒರೆಸಿದ. ಕೊನೆಗೆ ಮೊದಲು ಎಳೆದ ಗೆರೆಯೊಂದೇ ಉಳಿಯಿತು. ಚೀಟಿ ನೋಡಿದ. ಸರಿಯಾಗಿತ್ತು. ಸೋಮವಾರವೂ ಸರಿಯಾಗಿಯೇ ಇತ್ತು. ಮಾಸ್ಟರ ಡಬ್ಬಿಯಿಂದ ಗುಂಡುಸೂಜಿ ತೆಗೆದು ತುಟಿಗಳ ನಡುವೆ ಸಾಲಾಗಿ ಕಚ್ಚಿಕೊಂಡ. ಕಬ್ಬಿಣದ ರುಚಿ. ನಾಲಿಗೆ ಬಾಯೊಳಗೆ ಮೂಲೆಗೆ ಸರಿದು ಮುದುರಿ ಕೂತಿತು. ‘ಈಗ ಲೊಚಗುಡು ನೋಡೋಣ’ ಎಂದು ಅದಕ್ಕೆ ಮನಸ್ಸಿನಲ್ಲೇ ಸವಾಲು ಹಾಕಿದ.

ಕತ್ತರಿ ಎತ್ತಿ ಅಲಗು ತೆರೆದ. ನಿಶ್ಶಬ್ದ.

ಕರಕ್. ಮೊದಲ ಕಡಿತಕ್ಕೆ ಅವನ ಎದೆಯೇ ಹರಿದಂತಾಯಿತು. ಎರಡನೆಯದಕ್ಕೆ ಬೆವರು. ಆಮೇಲೆ ಕೈಗೆ ದಾರಿ ಸಿಕ್ಕಿತು. ಬೆನ್ನಿನ ತುಂಡು ಬಂತು, ಎದೆಯ ಎರಡು ತುಂಡು ಬಂದವು, ಒಂದು ತೋಳು ಬಂತು. ಅಷ್ಟು ವರ್ಷ ಕಣ್ಣಲ್ಲೇ ಕತ್ತರಿಸಿದ್ದನ್ನು ಕೈ ಒಪ್ಪಿಸುತ್ತಿತ್ತು. ಉಳಿದದ್ದು ಇನ್ನೊಂದು ತೋಳು. ಅಚ್ಚಿಟ್ಟು ಗೆರೆ ಎಳೆದು ಕತ್ತರಿಯನ್ನು ಅಂಚಿಗೆ ತಂದ.

ಲೊಚ್.

ಈ ಸಲ ಅವನ ಬಾಯಿಂದಲ್ಲ. ಅವನ ಬಾಯಲ್ಲಿ ಗುಂಡುಸೂಜಿ ಇತ್ತು, ಒಂದೂ ಅಲುಗಿರಲಿಲ್ಲ. ಸದ್ದು ಬಂದದ್ದು ಪರದೆಯ ಪಕ್ಕದಿಂದ. ನಿಧಾನವಾಗಿ, ಸ್ಪಷ್ಟವಾಗಿ, ತುಟಿಯ ಸೂಜಿಗಳನ್ನು ಒಮ್ಮೆ ಕೆಳಗಿಟ್ಟು ಬಹಳ ವರ್ಷಗಳ ಮೇಲೆ ಲೊಚಗುಟ್ಟುವ ಸುಖ ಪಡೆದವರ ಹಾಗೆ.

ಗೊಂಬೆಯ ಕುತ್ತಿಗೆಯಲ್ಲಿ ಟೇಪು ತೂಗುತ್ತಿತ್ತು.

ಅವನ ಕಾಲು ಷಟರಿನ ಕಡೆ ತಿರುಗಿಯೂ ಆಗಿತ್ತು. ಕೈ ತಾನಾಗಿಯೇ ಸೀಮೆಸುಣ್ಣಕ್ಕೆ ಚಾಚಿತು. ಹೊರಗೊಂದು ಗೆರೆ, ಒಂದೇ ಒಂದು. ಆದರೆ ಸೀಮೆಸುಣ್ಣ ಮುಟ್ಟುವ ಮೊದಲು ಅವನು ಅಚ್ಚನ್ನು ನೋಡಿದ. ಒಂದೇ ಸಲ ನೋಡಿದ. ಅಚ್ಚು ಮಗುಚಿಯೇ ಇತ್ತು. ಇದು ಬಲತೋಳು. ಗೆರೆ ಗೆರೆಯ ಜಾಗದಲ್ಲಿತ್ತು.

“ಇಯಯಿ” ಎಂದ ಅವನು, ಸೂಜಿಗಳ ಸಂದಿಯಿಂದ.

ಇರಲಿ ಎಂದು ಅದರ ಅರ್ಥ. ಇಷ್ಟು ವರ್ಷ ಹೇಳುತ್ತಾ ಬಂದ ಮಾತೇ. ಆದರೆ ಅದರ ಹಿಂದೆ ಒಂದಿಂಚು ಇರಲಿಲ್ಲ.

ಕರಕ್.

ಶನಿವಾರ ಅಧ್ಯಕ್ಷರು ಬಂದು ಟ್ರಯಲ್ ರೂಮಿನಲ್ಲಿ ಕೋಟು ತೊಟ್ಟು, ಉಸಿರು ಬಿಗಿಹಿಡಿದು ಕನ್ನಡಿಯ ಮುಂದೆ ನಿಂತರು. ಉಸಿರು ಹಿಡಿದಾಗ ಕೋಟು ಜೋತುಬಿತ್ತು.

“ಏನಯ್ಯಾ ಇದು, ಲೂಸು!”

“ಭಾಷಣ ಯಾವುದರ ಮೇಲೆ ಸಾರ್?”

“ಸರಳ ಜೀವನದ ಮೇಲೆ” ಎಂದರು ಅಧ್ಯಕ್ಷರು. ಹೊಟ್ಟೆ ತನ್ನ ಜಾಗಕ್ಕೆ ಇಳಿಯಿತು. ಕೋಟು ಅದನ್ನು ತಬ್ಬಿಕೊಂಡಂತೆ ಕೂತಿತು. ಅವರು ಎಡಕ್ಕೂ ಬಲಕ್ಕೂ ತಿರುಗಿ ನೋಡಿಕೊಂಡರು. “ಹ್ಞಾ, ಚೆನ್ನಾಗಿದೆ. ನನ್ನ ಮೈಕಟ್ಟಿಗೆ ಯಾರು ಹೊಲಿದರೂ ಒಪ್ಪುತ್ತೆ ಬಿಡು. ಒಳಗೆ ಒಂದಿಂಚು ಬಿಟ್ಟಿದೀಯ ತಾನೆ?”

“ಇಲ್ಲ ಸಾರ್.”

“ಇಲ್ವಾ? ನಾಳೆ ಸನ್ಮಾನದ ಊಟ ಇದೆ ಕಣಯ್ಯ!”

“ಕಮ್ಮಿ ಉಣ್ಣಿ ಸಾರ್” ಎಂದ ಒಂದಿಂಚು. ಹೇಳಿದ ಮೇಲೆ ಅವನಿಗೇ ಗಾಬರಿಯಾಯಿತು. ಅಧ್ಯಕ್ಷರಿಗೂ ಆಯಿತು. ಹಾಗೆ ಅವರೊಡನೆ ಮಾತಾಡಿದವರು ಯಾವ ಸಂಘದಲ್ಲೂ ಇರಲಿಲ್ಲ. ಅವರು ಮೆಲ್ಲಗೆ ಉಸಿರು ಬಿಟ್ಟು, ಕೋಟಿನ ಗುಂಡಿಯನ್ನು ತಾವೇ ಹಾಕಿಕೊಂಡು ಹೋದರು.

ಸಂಜೆ ಅಮ್ಮಾವ್ರು ಮಾಸ್ಟರ ಬೀಗದ ಕೈ ಮೇಜಿನ ಮೇಲಿಟ್ಟು, ಕತ್ತರಿಸಿ ಉಳಿದ ಚೂರುಗಳನ್ನು ನೋಡಿದರು. ಸಣ್ಣವಿದ್ದವು, ಬಟ್ಟೆ ದಂಡವಾಗಿರಲಿಲ್ಲ. ಒಂದನ್ನು ಸೆರಗಿಗೆ ಕಟ್ಟಿಕೊಂಡು ಹೋದರು.

ಒಂದಿಂಚು ದೀಪ ಆರಿಸಿ, ಗೊಂಬೆಯ ಕುತ್ತಿಗೆಯ ಟೇಪನ್ನು ನೇರ ಮಾಡಿ, ಷಟರ್ ಎಳೆದ. ಬೀಗ ಹಾಕಲು ಬಗ್ಗಿದಾಗ ಎದುರಿನ ಮೊಬೈಲ್ ಅಂಗಡಿಯವನು ರಸ್ತೆ ದಾಟಿ ಬಂದ. ಅಂಗಡಿ ಕೈತಪ್ಪಿದ ಬೇಸರ ಅವನ ಮುಖದಲ್ಲಿತ್ತು. ಏನೋ ಹೇಳಲು ಬಾಯಿ ತೆರೆದವನು ಹಾಗೇ ನಿಂತು ಷಟರಿಗೆ ಕಿವಿ ಕೊಟ್ಟ.

“ಅಣ್ಣಾ, ಒಳಗೆ ಯಾರೋ ಇದಾರೆ.”

“ಹೌದಾ?”

“ಹೂಂ. ಲೊಚ್ ಅಂದ ಹಾಗಾಯ್ತು. ಯಾರನ್ನೋ ಒಳಗೇ ಬಿಟ್ಟು ಬೀಗ ಹಾಕ್ತಿದೀರಿ ನೋಡಿ!”

ಒಂದಿಂಚು ಬೀಗ ತಿರುಗಿಸಿ, ಒಮ್ಮೆ ಎಳೆದು ನೋಡಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ.

“ಇರಲಿ ಬಿಡಿ” ಎಂದ.